ಹಳೆಯ ಪ್ರಾಜೆಕ್ಟುಗಳ ಭಾರ: ಓಪನ್ ಸೋರ್ಸ್ ಸಂಗೀತ ತಂತ್ರಾಂಶಕ್ಕೆ ಬರಲು ಬಳಕೆದಾರರು ಹಿಂದೇಟು ಹಾಕುವುದೇಕೆ?

ಹಾಡನ್ನು ಧ್ವನಿಮುದ್ರಿಸಲು, ವಾದ್ಯಗಳನ್ನು ಹೊಂದಿಸಲು, ಸಂಗೀತವನ್ನು ಲಿಪಿಯಲ್ಲಿ ಬರೆದಿಡಲು ಬೇಕಾಗುವ ಓಪನ್ ಸೋರ್ಸ್ ತಂತ್ರಾಂಶಗಳು ಇಂದು ನಿನ್ನೆ ಹುಟ್ಟಿದವಲ್ಲ. ಧ್ವನಿಯನ್ನು ಮುದ್ರಿಸಿ, ಕತ್ತರಿಸಿ ಜೋಡಿಸುವ ಅಡಾಸಿಟಿ 2000ದಲ್ಲಿಯೇ ಜನರ ಕೈಗೆ ಬಂದಿತು. ಪಾಲ್ ಡೇವಿಸ್ ಅವರು ಆರ್ಡೋರ್ ಎಂಬ ಬಹುಟ್ರ್ಯಾಕ್ (ಒಂದೊಂದು ದನಿಯನ್ನೂ ವಾದ್ಯವನ್ನೂ ಬೇರೆ ಬೇರೆ ಪದರವಾಗಿಡುವ) ಧ್ವನಿಮುದ್ರಣ ತಂತ್ರಾಂಶವನ್ನು ಕಟ್ಟತೊಡಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್, ಹಾಡು ಕಟ್ಟುವ ಎಲ್‌ಎಂಎಂಎಸ್, ಡ್ರಮ್ ಹೊಂದಿಸುವ ಹೈಡ್ರೋಜನ್ ಮೊದಲಾದವುಗಳಿಗೂ ಇಪ್ಪತ್ತು ವರ್ಷಗಳ ಆಸುಪಾಸಿನ ಆಯುಷ್ಯವಿದೆ. ಇವುಗಳ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇಷ್ಟಾದರೂ, ನಾಲ್ಕಾರು ವರ್ಷ ಬೇರೊಂದು ತಂತ್ರಾಂಶದಲ್ಲಿ ಕೆಲಸ ಮಾಡಿದವರು ಇವುಗಳತ್ತ ಬರುವುದು ಅಪರೂಪ. ಹೊಸದನ್ನು ಇನ್‌ಸ್ಟಾಲ್ ಮಾಡಿಕೊಂಡು, ಅರ್ಧ ಗಂಟೆ ಅತ್ತಿತ್ತ ತಡಕಾಡಿ, ಮುಚ್ಚಿಟ್ಟು ಹಳೆಯದಕ್ಕೇ ಮರಳುವವರೇ ಹೆಚ್ಚು.

ಇದಕ್ಕೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಬಳಕೆದಾರರಿಗೆ ಮುಕ್ತ ತಂತ್ರಾಂಶದ ಬೆಲೆ ತಿಳಿದಿಲ್ಲ ಎಂಬುದು ಒಂದು. ಕಲಿಯಲು ಸೋಮಾರಿತನ ಎಂಬುದು ಇನ್ನೊಂದು. ಎರಡೂ ಅನ್ಯಾಯದ ಮಾತುಗಳೆಂದು ನಾನು ಭಾವಿಸುತ್ತೇನೆ. ಹಿಂದೇಟು ಹಾಕುವವರ ಲೆಕ್ಕಾಚಾರವನ್ನು ಹತ್ತಿರದಿಂದ ನೋಡಿದರೆ ಅದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಮುಕ್ತ ತಂತ್ರಾಂಶ ಕೊಡುವ ಲಾಭವೆಲ್ಲ ಹತ್ತು ವರ್ಷಗಳಾಚೆ ಕೈಸೇರುವಂಥದ್ದು. ಅದು ಕೇಳುವ ಬೆಲೆಯನ್ನಾದರೋ ಈ ವಾರವೇ ತೆರಬೇಕು. ಆ ಬೆಲೆ ಏನೇನು ಎಂಬುದನ್ನು ಬಿಡಿಸಿ ನೋಡದೆ ಹಿಂಜರಿಕೆ ಅರ್ಥವಾಗುವುದಿಲ್ಲ.

ಮೊದಲಿಗೆ ಗಮನಿಸಬೇಕಾದ ಸಂಗತಿ ಒಂದಿದೆ. ಹಿಂಜರಿಕೆ ಎಲ್ಲ ಓಪನ್ ಸೋರ್ಸ್ ತಂತ್ರಾಂಶಗಳ ವಿಷಯದಲ್ಲೂ ಒಂದೇ ಸಮನಾಗಿ ಕಾಣುವುದಿಲ್ಲ. ದುಬಾರಿ ತಂತ್ರಾಂಶಗಳನ್ನು ಕೊಂಡವರ ಕಂಪ್ಯೂಟರಿನಲ್ಲೂ ಅಡಾಸಿಟಿ ಇರುತ್ತದೆ. ಒಂದು ಫೈಲನ್ನು ತೆರೆದು, ಬೇಡದ ಭಾಗವನ್ನು ಕತ್ತರಿಸಿ, ಎಕ್ಸ್‌ಪೋರ್ಟ್ ಮಾಡಿದರೆ ಅಲ್ಲಿಗೆ ಕೆಲಸ ಮುಗಿಯಿತು. ಹಿಂದೆ ಏನೂ ಉಳಿಯುವುದಿಲ್ಲ, ನಾಳೆ ಅದೇ ತಂತ್ರಾಂಶಕ್ಕೆ ಮರಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಹಿಂಜರಿಕೆ ಗಟ್ಟಿಯಾಗುವುದು ಒಂದು ಹಾಡನ್ನು ಆರಂಭದಿಂದ ಕೊನೆಯವರೆಗೆ ಕಟ್ಟುವ, ತಿಂಗಳುಗಟ್ಟಲೆ ತೆರೆದು ಮುಚ್ಚಿ ತಿದ್ದುವ ತಂತ್ರಾಂಶದ ವಿಷಯದಲ್ಲಿ. ಈ ಬಗೆಯವನ್ನು ಕ್ಷೇತ್ರದಲ್ಲಿರುವವರು ಡಿಎಡಬ್ಲ್ಯು (ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್) ಎನ್ನುತ್ತಾರೆ. ಹಾಗಾದರೆ ಕಾರಣ ತಂತ್ರಾಂಶದ ಮುಕ್ತತೆಯಲ್ಲಿಲ್ಲ, ಅದರೊಳಗೆ ನಡೆಯುವ ಕೆಲಸದ ಸ್ವರೂಪದಲ್ಲಿದೆ.

ಆ ಕೆಲಸದ ತಿರುಳು ಪ್ರಾಜೆಕ್ಟ್ ಫೈಲ್. ಹಾಡಿನ ಧ್ವನಿಯೆಲ್ಲ ಅದರೊಳಗಿದೆ ಎಂದು ಹೊರಗಿನವರು ತಿಳಿಯುವುದುಂಟು. ವಾಸ್ತವದಲ್ಲಿ ಧ್ವನಿಯ ಫೈಲುಗಳು ಸಾಮಾನ್ಯವಾಗಿ ಬೇರೆಯಾಗಿಯೇ ಇರುತ್ತವೆ. ಪ್ರಾಜೆಕ್ಟ್ ಫೈಲ್ ಎಂಬುದು ಒಂದು ದೀರ್ಘವಾದ ಸೂಚನಾಪಟ್ಟಿ. ಗಾಯನದ ಟ್ರ್ಯಾಕ್ ಒಂದನ್ನೇ ತೆಗೆದುಕೊಳ್ಳೋಣ. ಮೂರನೆಯ ಸಲ ಹಾಡಿದ್ದರಲ್ಲಿ ಪಲ್ಲವಿಯನ್ನೂ ಐದನೆಯ ಸಲ ಹಾಡಿದ್ದರಲ್ಲಿ ಮೊದಲ ಚರಣವನ್ನೂ ಆರಿಸಿ ಜೋಡಿಸಿದೆ. ಜೋಡಣೆಯ ಜಾಗದಲ್ಲಿ ಉಸಿರಿನ ಸದ್ದು ಕಡಿದಂತೆ ಕೇಳಬಾರದೆಂದು ಒಂದನ್ನು ಇನ್ನೊಂದರಲ್ಲಿ ಕರಗಿಸಿದೆ. ಅದರ ಮೇಲೆ ಈಕ್ಯು (ಏರು-ತಗ್ಗು ನಾದಗಳ ಹದ), ಕಂಪ್ರೆಸರ್ (ಜೋರು-ಮೆದುವಿನ ಅಂತರ ತಗ್ಗಿಸುವುದು), ರಿವರ್ಬ್ (ಕೋಣೆಯ ಅನುರಣನ) ಎಂಬ ಸಂಸ್ಕರಣೆಗಳು ಈ ಕ್ರಮದಲ್ಲಿಯೇ ಸಾಲುಗಟ್ಟಿವೆ. ಎರಡನೆಯ ಚರಣದ ಕೊನೆಯ ಪದ ನುಂಗಿಹೋಗುತ್ತದೆಂದು ಅಲ್ಲಿಗಷ್ಟೇ ಧ್ವನಿಯನ್ನು ಎರಡು ಡೆಸಿಬಲ್ ಏರಿಸಿ ಮತ್ತೆ ಇಳಿಸುವ ಒಂದು ಗೆರೆ ಎಳೆದಿದೆ. ಇಂಥ ಟ್ರ್ಯಾಕುಗಳು ಒಂದು ಹಾಡಿನಲ್ಲಿ ನಲವತ್ತು ಇರಬಹುದು. ಪ್ರತಿಯೊಂದು ಸೂಚನೆಯೂ ಯಾರೋ ಕಿವಿಗೊಟ್ಟು ಕೇಳಿ ತೆಗೆದುಕೊಂಡ ತೀರ್ಮಾನ, ಮತ್ತು ಪ್ರತಿಯೊಂದು ತಂತ್ರಾಂಶವೂ ಆ ಸೂಚನೆಗಳನ್ನು ತನ್ನದೇ ಆದ ಕ್ರಮದಲ್ಲಿ ಬರೆದಿಡುತ್ತದೆ.

ತಂತ್ರಾಂಶ ಬದಲಿಸುವಾಗ ಇದರಲ್ಲಿ ಎಷ್ಟು ಜೊತೆಗೆ ಬರುತ್ತದೆ? ಎಲೆಕ್ಟ್ರಾನಿಕ್ ವಾದ್ಯಗಳೂ ಕಂಪ್ಯೂಟರುಗಳೂ ಸ್ವರಗಳ ವಿವರ ಹಂಚಿಕೊಳ್ಳಲೆಂದು 1983ರಲ್ಲಿ ರೂಪುಗೊಂಡ ಮಿಡಿ ಎಂಬ ಏರ್ಪಾಡಿನ ದಯೆಯಿಂದ ಯಾವ ಸ್ವರವನ್ನು ಯಾವ ಕ್ಷಣದಲ್ಲಿ ಎಷ್ಟು ಒತ್ತಿ ನುಡಿಸಲಾಯಿತು ಎಂಬುದೂ ಹಾಡಿನ ಗತಿಯೂ ದಾಟುತ್ತವೆ. ಆದರೆ ಆ ಸ್ವರ ಯಾವ ವಾದ್ಯದ ಯಾವ ನಾದದಲ್ಲಿ ಕೇಳಿಸಬೇಕು ಎಂಬುದು ದಾಟುವುದಿಲ್ಲ. ಧ್ವನಿಯನ್ನು ಟ್ರ್ಯಾಕಿಗೊಂದರಂತೆ ಬೇರೆ ಬೇರೆ ಫೈಲುಗಳಾಗಿ, ಎಲ್ಲವೂ ಹಾಡಿನ ಸೊನ್ನೆಯ ಕ್ಷಣದಿಂದ ಆರಂಭವಾಗುವಂತೆ ತೆಗೆದುಕೊಂಡರೆ ಅವು ಎಲ್ಲಿ ಬೇಕಾದರೂ ತೆರೆಯುತ್ತವೆ, ಆದರೆ ಅವುಗಳೊಳಗಿನ ತೀರ್ಮಾನಗಳು ಆಗಲೇ ಹೆಪ್ಪುಗಟ್ಟಿರುತ್ತವೆ. ರಿವರ್ಬ್ ಹೆಚ್ಚಾಯಿತೆಂದು ಆಮೇಲೆ ಅನ್ನಿಸಿದರೆ ಅದನ್ನು ಹಿಂದೆಗೆಯುವ ದಾರಿಯಿಲ್ಲ. ಪ್ರಾಜೆಕ್ಟನ್ನೇ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ಅನುವಾಗುವ ಡಿಎಡಬ್ಲ್ಯು ಪ್ರಾಜೆಕ್ಟ್ ಎಂಬ ತೆರೆದ ಮಾದರಿಯನ್ನು ಬಿಟ್‌ವಿಗ್ ಮತ್ತು ಪ್ರಿಸೋನಸ್ ಸಂಸ್ಥೆಗಳು ಹೊರತಂದದ್ದು 2023ರಲ್ಲಿ, ಅಂದರೆ ಮಿಡಿ ಬಂದು ನಲವತ್ತು ವರ್ಷಗಳಾದ ಮೇಲೆ. ಅದನ್ನು ಓದಬಲ್ಲ ತಂತ್ರಾಂಶಗಳು ಇನ್ನೂ ಕೆಲವೇ. ಹೀಗಾಗಿ ಹೊಸ ತಂತ್ರಾಂಶಕ್ಕೆ ಬರುವವರು ಬಿಟ್ಟು ಬರಬೇಕಾಗುವುದು ತಾವೇ ಮಾಡಿದ ಹಳೆಯ ಕೆಲಸವನ್ನು. ಹಿಂಜರಿಕೆಗೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಪ್ಲಗಿನ್‌ಗಳದ್ದು ಇದೇ ಗಂಟಿನ ಇನ್ನೊಂದು ಎಳೆ. ಡಿಎಡಬ್ಲ್ಯುವಿಗೆ ಸೇರಿಸಿಕೊಳ್ಳುವ ಸಂಸ್ಕರಣೆಯ ಉಪಕರಣಗಳನ್ನೂ ಕೃತಕ ವಾದ್ಯಗಳನ್ನೂ ಪ್ಲಗಿನ್ ಎನ್ನುತ್ತಾರೆ; ಇವನ್ನು ಬೇರೆ ಬೇರೆ ಕಂಪನಿಗಳು ಮಾಡಿ ಮಾರುತ್ತವೆ. ಅವು ಯಾವುದೇ ಡಿಎಡಬ್ಲ್ಯುವಿನೊಳಗೆ ಕೂರುವಂತೆ ಮಾಡುವ ವಿಎಸ್‌ಟಿ ಎಂಬ ತಾಂತ್ರಿಕ ಒಪ್ಪಂದವನ್ನು ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ರೂಪಿಸಿತು. ಅದರ ಎರಡನೆಯ ಪೀಳಿಗೆಯ ಪರವಾನಗಿ ಓಪನ್ ಸೋರ್ಸ್ ಯೋಜನೆಗಳ ಹಂಚಿಕೆಯ ನಿಯಮಗಳೊಂದಿಗೆ ಹೊಂದಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಎಲ್‌ಎಂಎಂಎಸ್ ಬಳಗದವರು ಆ ಒಪ್ಪಂದದ ಅಧಿಕೃತ ಕಡತವನ್ನು ಮುಟ್ಟದೆ, ಪ್ಲಗಿನ್‌ಗಳು ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಹೊರಗಿನಿಂದ ಗಮನಿಸಿ ತಮ್ಮದೇ ಕಡತವನ್ನು ಬರೆದುಕೊಳ್ಳಬೇಕಾಯಿತು. 2018ರಲ್ಲಿ ಸ್ಟೈನ್‌ಬರ್ಗ್ ಆ ಪೀಳಿಗೆಗೆ ಹೊಸ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಬಿಟ್‌ವಿಗ್ ಮತ್ತು ಯು-ಹಿ ಸಂಸ್ಥೆಗಳು 2022ರಲ್ಲಿ ಕ್ಲ್ಯಾಪ್ ಎಂಬ ಮುಕ್ತ ಒಪ್ಪಂದವನ್ನು ಪ್ರಕಟಿಸಿದ ಮೇಲೆ ಈ ಇಕ್ಕಟ್ಟು ಸ್ವಲ್ಪ ಸಡಿಲಗೊಂಡಿದೆ. ಆದರೆ ಬಳಕೆದಾರರಿಗೆ ಪರವಾನಗಿಯ ಈ ಇತಿಹಾಸ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರಿಗೆ ಕಾಣುವುದು ಇಷ್ಟೇ: ದುಡ್ಡು ಕೊಟ್ಟು ಕೊಂಡ ಪ್ಲಗಿನ್ ಹೊಸ ತಂತ್ರಾಂಶದ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ, ಕಾಣಿಸಿದರೂ ತೆರೆದ ಕೂಡಲೇ ಎಲ್ಲವೂ ನಿಂತುಹೋಗುತ್ತದೆ. ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಬರುವವರ ಪಾಡು ಇನ್ನೂ ಕಷ್ಟ. ವಿಂಡೋಸ್ ಪ್ಲಗಿನ್‌ಗಳನ್ನು ವೈನ್ ಮತ್ತು ಯಾಬ್ರಿಡ್ಜ್ ಎಂಬ ಸೇತುವೆಯಂಥ ತಂತ್ರಾಂಶಗಳ ಮೂಲಕ ಓಡಿಸಬಹುದು, ಹಲವು ಚೆನ್ನಾಗಿಯೇ ಓಡುತ್ತವೆ. ಆದರೆ ನಕಲು ತಡೆಯಲೆಂದು ಹಾಕಿದ ಬೀಗಗಳ ಬಳಿ ಬಂದಾಗ ಹಲವು ಸಲ ಕೈಕೊಡುತ್ತವೆ.

ಪರೀಕ್ಷೆ ಮಾಡಿ ನೋಡುವವರನ್ನೂ ಮೊದಲ ದಿನವೇ ಹಿಂದಕ್ಕಟ್ಟುವ ತೊಡಕೆಂದರೆ ಲೇಟೆನ್ಸಿ, ಅಂದರೆ ಧ್ವನಿ ಕೇಳಿಸುವುದರಲ್ಲಿ ಆಗುವ ವಿಳಂಬ. ಇದನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಅಳೆಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಳತೆಗಳು. ಈ ಅಳತೆಗಳನ್ನು ಒಂದೊಂದಾಗಿ ಕಳುಹಿಸದೆ ಬಫರ್ ಎಂಬ ತಾತ್ಕಾಲಿಕ ಸಂಗ್ರಹ ತುಂಬಿದ ಮೇಲೆ ಒಟ್ಟಾಗಿ ಕಳುಹಿಸುತ್ತದೆ. ಬಫರಿನಲ್ಲಿ 256 ಅಳತೆಗಳಿದ್ದರೆ ಅದು ತುಂಬಲು ಸುಮಾರು 5.3 ಮಿಲಿಸೆಕೆಂಡ್ ಬೇಕು. 1,024 ಇದ್ದರೆ ಸುಮಾರು 21 ಮಿಲಿಸೆಕೆಂಡ್. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ 21 ಮಿಲಿಸೆಕೆಂಡಿನ ವಿಳಂಬವೆಂದರೆ, ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿರುವವರಿಗೆ ತಮ್ಮದೇ ದನಿ ಏಳು ಮೀಟರ್ ಆಚೆಯಿಂದ ಬಂದಂತೆ ಕೇಳುತ್ತದೆ. ಧ್ವನಿ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಬಫರ್ ಇರುವುದರಿಂದ ನಿಜವಾದ ವಿಳಂಬ ಇದಕ್ಕಿಂತ ಹೆಚ್ಚು. ತಮ್ಮ ದನಿ ಹಿಂದೆ ಬೀಳುತ್ತಿದೆಯೆಂದು ಗಾಯಕರು ತಮಗೇ ತಿಳಿಯದಂತೆ ತಡೆದು ಹಾಡತೊಡಗುತ್ತಾರೆ, ತಾಳ ಜಾರುತ್ತದೆ. ಬಫರನ್ನು ಕಿರಿದು ಮಾಡಿದರೆ ಕಂಪ್ಯೂಟರಿಗೆ ಉಸಿರಾಡಲು ಪುರಸತ್ತಿಲ್ಲದೆ ಧ್ವನಿಯ ನಡುವೆ ಚಿಟಪಟ ಸದ್ದು ಸೇರಿಕೊಳ್ಳುತ್ತದೆ.

ಹಳೆಯ ತಂತ್ರಾಂಶದಲ್ಲಿ ಈ ಹೊಂದಾಣಿಕೆಯನ್ನು ಎಂದೋ ಮಾಡಿ ಮರೆತಿರುತ್ತಾರೆ. ಹೊಸದರಲ್ಲಿ ಮೊದಲಿನಿಂದ ಮಾಡಬೇಕು. ಲಿನಕ್ಸ್‌ನಲ್ಲಿ ಬಹುಕಾಲ ಧ್ವನಿಯನ್ನು ನಿಭಾಯಿಸುವ ಆಲ್ಸಾ, ಪಲ್ಸ್ ಆಡಿಯೊ, ಜ್ಯಾಕ್ ಎಂಬ ಮೂರು ಪದರಗಳಲ್ಲಿ ಯಾವುದು ಯಾವುದರ ಮೇಲೆ ಕುಳಿತಿದೆ ಎಂಬುದನ್ನು ತಿಳಿದುಕೊಳ್ಳದೆ ಒಂದು ಸ್ವರವನ್ನೂ ಧ್ವನಿಮುದ್ರಿಸಲು ಆಗದಂಥ ಸ್ಥಿತಿಯಿತ್ತು. ಪೈಪ್‌ವೈರ್ ಎಂಬ ಹೊಸ ಧ್ವನಿವ್ಯವಸ್ಥೆ ಬಂದ ಮೇಲೆ ಇದು ಬಹಳ ಸುಧಾರಿಸಿದೆ. ಲಿನಕ್ಸ್‌ನ ಒಂದು ರೂಪವಾದ ಫೆಡೋರಾ 2021ರ ತನ್ನ 34ನೆಯ ಆವೃತ್ತಿಯಲ್ಲಿ ಧ್ವನಿಯ ಹೊಣೆಯನ್ನು ಅದಕ್ಕೇ ವಹಿಸಿತು. ವಿಂಡೋಸ್‌ನಲ್ಲಿ ವಿಳಂಬ ತಗ್ಗಿಸುವ ಎಎಸ್‌ಐಒ ಎಂಬ ಚಾಲಕವ್ಯವಸ್ಥೆಯ ಪರವಾನಗಿಯೂ ಸ್ಟೈನ್‌ಬರ್ಗ್‌ನದೇ ಆದ್ದರಿಂದ ಅಡಾಸಿಟಿ ಎಷ್ಟೋ ವರ್ಷ ಅದನ್ನು ಸೇರಿಸಿ ಹಂಚಲಾಗಲಿಲ್ಲ. ದೋಷ ಎಲ್ಲಿಯದೇ ಆಗಿರಲಿ, ಚಿಟಪಟ ಕೇಳಿಸಿದ್ದು ಹೊಸ ತಂತ್ರಾಂಶ ತೆರೆದಾಗ, ಆದ್ದರಿಂದ ಹೆಸರು ಕೆಡುವುದು ಅದರದೇ. ಇದನ್ನು ಬಳಕೆದಾರರ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಬರವಣಿಗೆಯ ತಂತ್ರಾಂಶ ನಿಂತುಹೋದರೆ ಕಳೆದುಹೋದ ವಾಕ್ಯವನ್ನು ಮತ್ತೆ ಬರೆಯಬಹುದು. ಮನಸ್ಸು ತುಂಬಿ ಹಾಡಿದ ಒಂದು ಸಾಲಿನ ನಡುವೆ ಚಿಟಪಟ ಸೇರಿದರೆ ಆ ಸಾಲು ಅದೇ ಭಾವದಲ್ಲಿ ಎರಡನೆಯ ಸಲ ಬರುತ್ತದೆಂಬ ಭರವಸೆಯಿಲ್ಲ.

ಇನ್ನು ಕೈಯ ವಿಷಯ. ಧ್ವನಿಯ ತುಣುಕೊಂದನ್ನು ಎರಡಾಗಿ ಕತ್ತರಿಸಲು ಆಪಲ್‌ನ ಲಾಜಿಕ್ ಎಂಬ ಡಿಎಡಬ್ಲ್ಯು ಬಳಸುವವರು ಕಮಾಂಡ್ ಕೀಲಿಯೊಂದಿಗೆ ಟಿ ಒತ್ತುತ್ತಾರೆ. ಆರ್ಡೋರ್‌ನಲ್ಲಿ ಎಸ್ ಒಂದನ್ನೇ ಒತ್ತಿದರೆ ಸಾಕು. ಕೇಳಿದರೆ ಇದೆಂಥ ದೊಡ್ಡ ಸಂಗತಿ ಎನ್ನಿಸಬಹುದು. ಆದರೆ ಒಂದು ಸಂಜೆಯ ಕೆಲಸದಲ್ಲಿ ಈ ಕೀಲಿಯನ್ನು ನೂರಾರು ಸಲ ಒತ್ತಬೇಕಾಗುತ್ತದೆ, ಮತ್ತು ಪಳಗಿದವರು ಅದನ್ನು ಒತ್ತುವಾಗ ಕೀಲಿಯ ಬಗ್ಗೆ ಯೋಚಿಸುವುದಿಲ್ಲ. ಕಿವಿ ಹಾಡಿನಲ್ಲಿರುತ್ತದೆ, ಬೆರಳು ತನ್ನಷ್ಟಕ್ಕೆ ಚಲಿಸುತ್ತದೆ. ಹೊಸ ತಂತ್ರಾಂಶದಲ್ಲಿ ಬೆರಳು ತಪ್ಪಿದ ಕ್ಷಣವೇ ಗಮನ ಕಿವಿಯಿಂದ ಪರದೆಗೆ ಇಳಿಯುತ್ತದೆ. ಮೆನುವಿನಲ್ಲಿ ಹುಡುಕಿ ಕತ್ತರಿಸಿ ಮುಗಿಸುವಷ್ಟರಲ್ಲಿ ಅಲ್ಲಿ ಏಕೆ ಕತ್ತರಿಸಬೇಕೆಂದುಕೊಂಡಿದ್ದೆವು ಎಂಬುದೇ ಮರೆತಿರುತ್ತದೆ. ಸಂಗೀತದ ಕೆಲಸದಲ್ಲಿ ಈ ನಷ್ಟಕ್ಕೆ ಮಿನಿಟುಗಳ ಲೆಕ್ಕ ಸಾಲದು. ವಾದ್ಯ ನುಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ: ಬೇರೆ ಅಳತೆಯ ವಾದ್ಯವನ್ನು ಕೈಗೆತ್ತಿಕೊಂಡಾಗ ಸ್ವರಸ್ಥಾನ ಗೊತ್ತಿದ್ದರೂ ಬೆರಳು ಅದರ ಪಕ್ಕಕ್ಕೆ ಬೀಳುತ್ತದೆ.

ವಿಲಿಯಂ ಸ್ಯಾಮುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲಿ, ಆಯ್ಕೆಯ ಸಂದರ್ಭ ಬಂದಾಗ ಜನ ಇದ್ದುದನ್ನೇ ಉಳಿಸಿಕೊಳ್ಳುವತ್ತ ವಾಲುತ್ತಾರೆಂಬುದನ್ನು ವಿವರವಾಗಿ ತೋರಿಸಿದರು. ಗಳಿಕೆಗಿಂತ ನಷ್ಟ ಮನಸ್ಸಿಗೆ ಹೆಚ್ಚು ಭಾರವಾಗಿ ತೋರುತ್ತದೆ ಎಂದು ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿಯೇ ಹೇಳಿದ್ದರು. ಈ ವಿಚಾರಗಳು ಇಲ್ಲಿಯೂ ಅನ್ವಯಿಸುತ್ತವೆ, ಆದರೆ ಇಡೀ ಹಿಂಜರಿಕೆಯನ್ನು ಮನಸ್ಸಿನ ಒಲವೆಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ತೆರೆಯದ ಹಳೆಯ ಪ್ರಾಜೆಕ್ಟು, ಓಡದ ಪ್ಲಗಿನ್, ತಪ್ಪುವ ಬೆರಳು ಇವೆಲ್ಲ ಲೆಕ್ಕಕ್ಕೆ ಸಿಗುವ ನಷ್ಟಗಳೇ.

ಒಬ್ಬರೇ ಕುಳಿತು ಮಾಡುವ ಕೆಲಸವಾದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಹಾಡು ಹಲವು ಕೈ ದಾಟುವಂಥದ್ದು. ಒಬ್ಬರು ಧ್ವನಿಮುದ್ರಿಸಿದ್ದನ್ನು ಇನ್ನೊಬ್ಬರು ಮಿಕ್ಸ್ ಮಾಡುತ್ತಾರೆ. 1991ರಲ್ಲಿ ಬಂದ ಪ್ರೊ ಟೂಲ್ಸ್ ಎಂಬ ಡಿಎಡಬ್ಲ್ಯು ವೃತ್ತಿಪರ ಸ್ಟುಡಿಯೊಗಳಲ್ಲಿ ಬೇರೂರಿರುವುದರಿಂದ ಅದರ ಪ್ರಾಜೆಕ್ಟನ್ನೇ ಕಳುಹಿಸಿ ಎಂದು ಕೇಳುವವರು ಹೆಚ್ಚು. ಕಲಿಸುವ ವೀಡಿಯೊಗಳೂ ಪುಸ್ತಕಗಳೂ ಕೋರ್ಸುಗಳೂ ಹೆಚ್ಚು ಜನ ಬಳಸುವುದನ್ನೇ ಸುತ್ತುವರಿಯುತ್ತವೆ. ಹೊಸ ತಂತ್ರಾಂಶದ ಕೈಪಿಡಿ ಎಷ್ಟೋ ಸಲ ಹಿಂದಿನ ಆವೃತ್ತಿಯದಾಗಿರುತ್ತದೆ. ಅದರಲ್ಲಿ ತೋರಿಸಿದ ಬಟನ್ ಪರದೆಯ ಮೇಲೆ ಇರುವುದೇ ಇಲ್ಲ.

ಇದೆಲ್ಲದರ ಜೊತೆಗೆ, ಹೊಸದು ನಾಳೆಯೂ ಇರುತ್ತದೆಯೇ ಎಂಬ ಅನುಮಾನ ಬೇರೆ. ಕೆಲವೇ ಸ್ವಯಂಸೇವಕರು ತಮ್ಮ ಬಿಡುವಿನ ವೇಳೆಯಲ್ಲಿ ನಡೆಸುವ ಯೋಜನೆಯ ಮೇಲೆ ತಮ್ಮ ಹತ್ತು ವರ್ಷದ ಕೆಲಸವನ್ನು ಕಟ್ಟಲು ಯಾರಾದರೂ ಯೋಚಿಸುವುದು ಸಹಜ. ಎಲ್‌ಎಂಎಂಎಸ್ 1.2 ಆವೃತ್ತಿ 2019ರಲ್ಲಿ ಬಂದ ಮೇಲೆ ಮುಂದಿನ ದೊಡ್ಡ ಸ್ಥಿರ ಆವೃತ್ತಿಗಾಗಿ ಬಳಕೆದಾರರು ವರ್ಷಗಟ್ಟಲೆ ಕಾದರು. 2022ರ ಡಿಸೆಂಬರಿನಲ್ಲಿ ಬಂದ ಮ್ಯೂಸ್‌ಸ್ಕೋರ್ 4 ನೋಡಲೂ ಕೇಳಲೂ ಬಹಳ ಉತ್ತಮವಾಗಿತ್ತು, ಆದರೂ ಹಿಂದಿನ ಆವೃತ್ತಿಯ ಕೆಲವು ಸೌಕರ್ಯಗಳು ಅದರಲ್ಲಿ ಇನ್ನೂ ಬಂದಿರಲಿಲ್ಲವಾದ್ದರಿಂದ ಹಲವರು ಮೂರನೆಯದರಲ್ಲಿಯೇ ಉಳಿದರು. 2021ರಲ್ಲಿ ಅಡಾಸಿಟಿಯನ್ನು ಮ್ಯೂಸ್ ಗ್ರೂಪ್ ಎಂಬ ಕಂಪನಿ ವಹಿಸಿಕೊಂಡಾಗ, ಬಳಕೆಯ ಮಾಹಿತಿ ಸಂಗ್ರಹಿಸುವ ಪ್ರಸ್ತಾವಕ್ಕೂ ನಂತರದ ಗೌಪ್ಯತಾ ನೀತಿಗೂ ತೀವ್ರ ಆಕ್ಷೇಪ ಎದ್ದಿತು; ಪ್ರಸ್ತಾವ ಹಿಂದೆ ಸರಿಯಿತು, ನೀತಿಯ ಮಾತುಗಳು ಬದಲಾದವು, ಆದರೆ ನಂಬಿಕೆಗೆ ಬಿದ್ದ ಪೆಟ್ಟು ಕೆಲವರ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ದುಡ್ಡಿನ ವಿಷಯದಲ್ಲೂ ಗೊಂದಲವಿದೆ. ಆರ್ಡೋರ್‌ನ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದ್ದರೂ, ಬಳಸಲು ಸಿದ್ಧವಾದ ರೂಪದಲ್ಲಿ ಅದರ ತಾಣದಿಂದ ಪಡೆಯಬೇಕಾದರೆ ಹಣ ಕೊಡಬೇಕು. ಅದನ್ನು ಕಟ್ಟುವವರ ಜೀವನ ನಡೆಯಬೇಕಾದರೆ ಇದು ನ್ಯಾಯವಾದ ಏರ್ಪಾಡೆಂದೇ ನನ್ನ ಎಣಿಕೆ. ಆದರೆ ಮುಕ್ತವೆಂದರೆ ಪುಕ್ಕಟೆ ಎಂದು ತಿಳಿದು ಬಂದವರಿಗೆ ಬಾಗಿಲಲ್ಲಿಯೇ ಮುಗ್ಗರಿಸಿದಂತಾಗುತ್ತದೆ. ಪುಕ್ಕಟೆ ಇದ್ದರೂ ಆಗಲೇ ಹಳೆಯದಕ್ಕೆ ದುಡ್ಡು ಕೊಟ್ಟಿರುವವರಿಗೆ ಅದರಿಂದ ಉಳಿತಾಯವೇನೂ ಇಲ್ಲ.

ಹಾಗಾದರೆ ಕಂಪನಿಗಳ ತಂತ್ರಾಂಶ ಸುಭದ್ರವೇ? ಇಲ್ಲಿ ಹಿಂಜರಿಯುವವರ ಲೆಕ್ಕದಲ್ಲಿ ಒಂದು ತೂತಿದೆ. ಗಿಬ್ಸನ್ ಕಂಪನಿ 2017ರ ನವೆಂಬರಿನಲ್ಲಿ ಕೇಕ್‌ವಾಕ್ ಎಂಬ ಧ್ವನಿಮುದ್ರಣ ತಂತ್ರಾಂಶಗಳ ಅಭಿವೃದ್ಧಿಯನ್ನು ನಿಲ್ಲಿಸಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಎಂಬ ಇನ್ನೊಂದು ಕಂಪನಿ ಅದನ್ನು ಕೊಂಡಿದ್ದರಿಂದ ಬಳಕೆದಾರರು ಬಚಾವಾದರು. ಸ್ವರಲಿಪಿಯ ಲೋಕದಲ್ಲಿ ದಶಕಗಳ ಕಾಲ ಮೆರೆದ ಫಿನಾಲೆ ತಂತ್ರಾಂಶದ ಅಭಿವೃದ್ಧಿಯನ್ನು ಮೂವತ್ತೈದು ವರ್ಷಗಳ ನಂತರ ನಿಲ್ಲಿಸುವುದಾಗಿ ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. ಒಂದು ವರ್ಷದ ನಂತರ ಹೊಸ ಕಂಪ್ಯೂಟರಿನಲ್ಲಿ ಅದನ್ನು ಸಕ್ರಿಯಗೊಳಿಸಲು ಆಗುವುದಿಲ್ಲವೆಂದು ಮೊದಲು ಹೇಳಿದ್ದ ಕಂಪನಿ, ಬಳಕೆದಾರರು ಕಂಗಾಲಾಗಿ ಆಕ್ಷೇಪಿಸಿದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡಿತು. ಆದರೆ ತಮ್ಮದೇ ರಚನೆಗಳನ್ನು ತೆರೆದು ನೋಡುವ ಹಕ್ಕು ಬೇರೊಬ್ಬರ ಒಂದು ನಿರ್ಧಾರದ ಮೇಲೆ ನಿಂತಿತ್ತೆಂಬುದು ಆ ಹೊತ್ತಿನಲ್ಲಿ ಎಲ್ಲರಿಗೂ ಕಂಡಿತು. ಆಗ ಅವರ ಕೈಹಿಡಿದದ್ದು, ಮೈಕೆಲ್ ಗುಡ್ ಅವರು ಈ ಶತಮಾನದ ಆರಂಭದಲ್ಲಿ ರೂಪಿಸಿದ ಮ್ಯೂಸಿಕ್ ಎಕ್ಸ್‌ಎಂಎಲ್ ಎಂಬ ತೆರೆದ ಮಾದರಿ. ಅದರ ಮೂಲಕ ಸ್ವರಗಳನ್ನೂ ಸಾಹಿತ್ಯವನ್ನೂ ಹೊರತೆಗೆದು ಮ್ಯೂಸ್‌ಸ್ಕೋರ್ ಮೊದಲಾದ ಬೇರೆ ತಂತ್ರಾಂಶಗಳಲ್ಲಿ ತೆರೆಯಬಹುದಾಗಿತ್ತು. ಪುಟದ ವಿನ್ಯಾಸವನ್ನಷ್ಟೇ ಬಹುಪಾಲು ಮತ್ತೆ ಕೂಡಿಸಬೇಕಿತ್ತು.

ಮುಕ್ತ ತಂತ್ರಾಂಶವೂ ನಿಂತುಹೋಗಬಹುದು. ಆದರೆ ಸೋರ್ಸ್ ಕೋಡ್ ಎಲ್ಲರ ಬಳಿಯೂ ಇರುವುದರಿಂದ ಬೇರೊಬ್ಬರು ಅದನ್ನು ಅಲ್ಲಿಂದಲೇ ಮುಂದುವರಿಸಬಹುದು, ಅಡಾಸಿಟಿಯ ವಿವಾದದ ವೇಳೆ ಕೆಲವರು ಪ್ರತ್ಯೇಕ ಕವಲುಗಳನ್ನು ಆರಂಭಿಸಿದಂತೆ. ಆರ್ಡೋರ್‌ನ ಪ್ರಾಜೆಕ್ಟ್ ಫೈಲ್ ಓದಬಹುದಾದ ಪಠ್ಯ. ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೂ ಯಾವ ಟ್ರ್ಯಾಕಿನಲ್ಲಿ ಯಾವ ಧ್ವನಿಯ ಫೈಲು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತಾಳ್ಮೆಯಿದ್ದವರು ಬಿಡಿಸಿಕೊಳ್ಳಬಹುದು. ಆದರೆ ಇಂದು ರಾತ್ರಿಯೊಳಗೆ ಹಾಡು ಮುಗಿಸಿ ಕಳುಹಿಸಬೇಕಾದವರಿಗೆ ಈ ಗುಣ ಕಣ್ಣಿಗೆ ಬೀಳುವುದಿಲ್ಲ.

ಹೊಸದಕ್ಕೆ ಬಂದು ನೆಲೆನಿಂತವರಲ್ಲಿ ಹೆಚ್ಚಿನವರು ಒಮ್ಮೆಲೇ ಬಂದವರಲ್ಲ. ಹಳೆಯ ಹಾಡುಗಳನ್ನು ಹಳೆಯ ತಂತ್ರಾಂಶದಲ್ಲಿಯೇ ಬಿಟ್ಟು, ಗಡುವಿಲ್ಲದ ಒಂದು ಚಿಕ್ಕ ಹಾಡನ್ನು ಮಾತ್ರ ಹೊಸದರಲ್ಲಿ ಆರಂಭದಿಂದ ಕೊನೆಯವರೆಗೆ ಮಾಡಿ ನೋಡುವುದು ಅವರ ಕ್ರಮ. ಬೆರಳು ಪಳಗುವವರೆಗೆ ಕೆಲವು ತಿಂಗಳು ಎರಡೂ ಜೊತೆಯಲ್ಲಿರುತ್ತವೆ. ಕಟ್ಟುವವರೂ ತಮ್ಮ ತಂತ್ರಾಂಶಕ್ಕೆ ಇನ್ನೂ ಏನೇನು ಬರುವುದಿಲ್ಲ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆದರೆ, ಬೇರೆ ತಂತ್ರಾಂಶದಲ್ಲಿ ಪಳಗಿದ ಕೈಗೆ ಹೊಂದುವ ಶಾರ್ಟ್‌ಕಟ್‌ಗಳನ್ನು ಆರಿಸಿಕೊಳ್ಳಲು ಬಿಟ್ಟರೆ, ಆ ಮೊದಲ ಅರ್ಧ ಗಂಟೆಯಲ್ಲಿ ಮರಳಿಹೋಗುವವರು ಕಡಿಮೆಯಾದಾರು.

ತಂತ್ರಾಂಶ ಬದಲಿಸುವ ಯೋಚನೆ ಇಲ್ಲದವರೂ ಪ್ರತಿ ಹಾಡು ಮುಗಿದ ಮೇಲೆ ಒಂದು ಕೆಲಸ ಮಾಡಬಹುದು. ಪ್ರತಿ ಟ್ರ್ಯಾಕನ್ನೂ ಸಂಸ್ಕರಣೆ ಇಲ್ಲದ ರೂಪದಲ್ಲಿ ಒಮ್ಮೆ, ಸಂಸ್ಕರಣೆಯೊಂದಿಗೆ ಒಮ್ಮೆ, ಸೊನ್ನೆಯ ಕ್ಷಣದಿಂದ ಆರಂಭವಾಗುವ ವೇವ್ ಫೈಲಾಗಿ ತೆಗೆದಿಡಬೇಕು. ಸ್ವರಗಳನ್ನು ಮಿಡಿ ಫೈಲಾಗಿ ಉಳಿಸಬೇಕು. ಹಾಡಿನ ಗತಿ, ಶ್ರುತಿ, ಮುಖ್ಯ ಪ್ಲಗಿನ್‌ಗಳ ಹೆಸರು ಮತ್ತು ಅವುಗಳ ಅಂಕಿಗಳನ್ನು ಒಂದು ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡಬೇಕು. ಇದಕ್ಕೆ ಹಾಡೊಂದಕ್ಕೆ ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯಬಹುದು. ಎರಡನೆಯ ಚರಣದ ಕೊನೆಯಲ್ಲಿ ಎರಡು ಡೆಸಿಬಲ್ ಏರಿಸಿದ್ದು ಏಕೆಂಬುದನ್ನೂ ಅದೇ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ, ಮುಂದೆ ಯಾವ ತಂತ್ರಾಂಶದಲ್ಲಿ ತೆರೆದರೂ ಆ ಗೆರೆಯನ್ನು ಮತ್ತೆ ಎಳೆಯಲು ಅಷ್ಟು ಸಾಕು.